ಮೇಡಂ ಯಾಪ್ ಹೇಳಿದ ಮಾತು

ವಿಶ್ವನಾಥನನ್ನು ಕೊಂದದ್ದು ಆ ಆಸ್ಪತ್ರೆಯಲ್ಲ. ಬೇರು, ಎಲೆ, ಕಷಾಯ ಎಂದು ದಿನ ಕಳೆದು ಅವನ ಪ್ರಾಣ ತೆಗೆದರು ಎಂದು ಇಷ್ಟು ವರ್ಷ ನಾನು ಹೇಳಿಕೊಂಡು ಬಂದದ್ದು ಸುಳ್ಳು. ಅವರು ಸರಿಯಾದದ್ದನ್ನೇ ಹೇಳಿದ್ದರು, ಸರಿಯಾದ ಹೊತ್ತಿಗೇ ಹೇಳಿದ್ದರು. ಆ ಮಾತು ಅವನಿಗೆ ತಲುಪಬೇಕಾದರೆ ನನ್ನ ಬಾಯಿಯ ಮೂಲಕವೇ ಹೋಗಬೇಕಿತ್ತು — ನಾನು ಅದನ್ನು ತಲುಪಿಸಲಿಲ್ಲ. ತಲುಪಿಸಲಿಲ್ಲ ಎಂದರೂ ಪೂರ್ತಿ ನಿಜವಾಗುವುದಿಲ್ಲ. ಅದರ ಜಾಗದಲ್ಲಿ ಬೇರೆಯೇ ಒಂದು ಮಾತನ್ನು ಇಟ್ಟೆ.

ನನ್ನ ಹೆಸರು ಸದಾಶಿವ. ಊರು ಕಾಪುವಿನ ಹತ್ತಿರ. ಈಗ ಕತಾರಿನಲ್ಲಿ, ಉಮ್ಮ್ ಸಲಾಲಿನ ಒಂದು ಟೈಲ್ಸ್ ಅಂಗಡಿಯನ್ನು ನೋಡಿಕೊಳ್ಳುತ್ತೇನೆ. ನನಗೆ ಭಾಷೆಗಳು ಬೇಗ ಹತ್ತುತ್ತವೆ. ತುಳು ಮನೆಯದು, ಕನ್ನಡ, ಹಿಂದಿ, ಮಲಯಾಳ, ಮಲೇಷ್ಯಾದ ಮಲಯ, ಇಂಗ್ಲಿಷ್, ಈಗ ಅರಬ್ಬಿ — ಯಾವುದನ್ನೂ ಕೂತು ಕಲಿತವನಲ್ಲ. ಇಲ್ಲಿಯ ನಮ್ಮ ಜನ ಯಾರಾದರೂ ಕ್ಲಿನಿಕ್ಕಿಗೋ ಕಚೇರಿಗೋ ಹೋಗಬೇಕಾದರೆ, "ಸದಣ್ಣನನ್ನು ಕರ್ಕೊಂಡು ಹೋಗು, ಅವರು ಸರಿಯಾಗಿ ಹೇಳ್ತಾರೆ" ಎನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಏನಾಗುತ್ತಿತ್ತು ಎಂಬುದು ಅವರಿಗೆ ಗೊತ್ತಿರಲಿಲ್ಲ.

ಕತಾರಿಗೆ ಬರುವ ಮೊದಲು ನಾನು ಮಲೇಷ್ಯಾದಲ್ಲಿದ್ದೆ. ಸಮುದ್ರದ ದಂಡೆಯ ಒಂದು ಹಳೆಯ ಪಟ್ಟಣ. ನಮ್ಮ ಕಡೆಯವರೊಬ್ಬರ ಸಸ್ಯಾಹಾರಿ ಹೋಟೆಲು. ನಾನು ಕೌಂಟರಿನಲ್ಲಿ, ವಿಶ್ವಣ್ಣ ಒಳಗೆ ಕಾವಲಿಯ ಮುಂದೆ. ಊರಿನಲ್ಲಿ ನಮ್ಮ ನೆರೆಮನೆಯವನು, ನನಗಿಂತ ದೊಡ್ಡವನು, ನನ್ನನ್ನು ಅಲ್ಲಿಗೆ ಕರೆಸಿಕೊಂಡವನೂ ಅವನೇ. ಅವನ ದೋಸೆಗೆ ಚೀನೀ ಮುದುಕರು ಬೆಳಗಾಗುತ್ತಲೇ ಬಂದು ಕೂರುತ್ತಿದ್ದರು. ಅವನಿಗೆ ತುಳು, ಕನ್ನಡ ಬಿಟ್ಟರೆ ಬರುತ್ತಿದ್ದದ್ದು ಅಡುಗೆಮನೆಗೆ ಸಾಕಾಗುವಷ್ಟು ಮಲಯ — ನೀರು, ಈರುಳ್ಳಿ, ಬೇಗ, ಸಾಕು. ಉಳಿದ ಎಲ್ಲದಕ್ಕೂ ನಾನಿದ್ದೆ. ಊರಿನಲ್ಲಿ ಹೆಂಡತಿ ಸುಮತಿ, ಆಗಷ್ಟೇ ಶಾಲೆಗೆ ಸೇರಿದ್ದ ಮಗಳು ಪ್ರತಿಮಾ. ಭಾನುವಾರ ಅವರಿಗೆ ಫೋನು ಮಾಡಿ ಬಂದ ಮೇಲೆ ಅವನು ಒಂದು ಗಂಟೆ ಯಾರೊಂದಿಗೂ ಮಾತನಾಡುತ್ತಿರಲಿಲ್ಲ. ಆ ಸಂತೋಷವನ್ನು ಹಾಗೇ ಇಟ್ಟುಕೊಳ್ಳುತ್ತಿದ್ದ.

ಸಕ್ಕರೆ ಕಾಯಿಲೆ ಇದೆಯೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲದವನ ಹಾಗೆ ಇದ್ದ. ಒಂದು ದಿನ ಕಾದ ಎಣ್ಣೆ ಎಡಗಾಲಿನ ಮೇಲೆ ಚೆಲ್ಲಿತು. ಬಟ್ಟೆ ಸುತ್ತಿಕೊಂಡು ಮತ್ತೆ ನಿಂತ. ನೋವಾಗುವುದಿಲ್ಲ ಎನ್ನುತ್ತಿದ್ದ — ನೋವಾಗದಿರುವುದೇ ಹೆದರಬೇಕಾದ ಸಂಗತಿ ಎಂದು ನಮಗಿಬ್ಬರಿಗೂ ತಿಳಿಯಲಿಲ್ಲ. ಗಾಯ ಕಪ್ಪಾಗಿ ವಾಸನೆ ಬರತೊಡಗಿದಾಗ, ದಿನಾ ದೋಸೆ ತಿನ್ನಲು ಬರುತ್ತಿದ್ದ ಒಬ್ಬ ಮುದುಕ ಅವನು ಕುಂಟುವುದನ್ನು ನೋಡಿ, ಅಡುಗೆಮನೆಗೇ ನುಗ್ಗಿ ಬಂದು, ಕಾಲು ನೋಡಿ, ನಮ್ಮಿಬ್ಬರನ್ನೂ ತನ್ನ ವ್ಯಾನಿನಲ್ಲಿ ಕೂರಿಸಿಕೊಂಡು ಹೋದ. "ನಮ್ಮ ಆಸ್ಪತ್ರೆ ಇದೆ. ಅಲ್ಲಿ ಯಾರನ್ನೂ ವಾಪಸ್ ಕಳಿಸುವುದಿಲ್ಲ" ಎಂದಷ್ಟೇ ಹೇಳಿದ.

ಆ ಆಸ್ಪತ್ರೆಯ ಬಗ್ಗೆ ನಾನು ಸರಿಯಾಗಿ ಹೇಳಬೇಕು. ಇಷ್ಟು ವರ್ಷ ಕೆಟ್ಟದ್ದನ್ನೇ ಹೇಳಿದ್ದೇನೆ.

ತವರದ ಗಣಿಗೂ ಬಂದರಿಗೂ ದುಡಿಯಲು ಬಂದ ಚೀನೀ ಕೂಲಿಗಳು ಕಾಯಿಲೆ ಬಿದ್ದರೆ ಕೇಳುವವರಿಲ್ಲದೆ ಬೀದಿಯಲ್ಲೇ ಸಾಯುತ್ತಿದ್ದ ಕಾಲದಲ್ಲಿ ಅದನ್ನು ಕಟ್ಟಿದ್ದಂತೆ. ವ್ಯಾಪಾರಿಗಳು ಕೊಟ್ಟರು, ರಿಕ್ಷಾ ಎಳೆಯುವವರು ಕೊಟ್ಟರು, ತರಕಾರಿ ಮಾರುವ ಹೆಂಗಸರು ಕೊಟ್ಟರು. ಮೊದಲು ಇದ್ದದ್ದು ಚೀನೀ ವೈದ್ಯ ಮಾತ್ರ, ಮತ್ತು ಸಾಯುವವರಿಗೆ ಒಂದು ಹಾಸಿಗೆ. ಆಮೇಲೆ ಅಲೋಪತಿಯ ಕಟ್ಟಡ ಬಂತು. ಹಳೆಯದನ್ನು ಕೆಡವಿ ಹೊಸದನ್ನು ಕಟ್ಟಲಿಲ್ಲ, ಎರಡನ್ನೂ ಉಳಿಸಿಕೊಂಡರು. ಎದುರಿಗೆ ಹೆಂಚಿನ ಹಳೆಯ ಮನೆ. ಒಳಗೆ ಗೋಡೆ ತುಂಬ ಸಣ್ಣ ಸಣ್ಣ ಮರದ ಡ್ರಾಯರುಗಳು, ಒಂದೊಂದರಲ್ಲಿ ಒಂದೊಂದು ಮೂಲಿಕೆ. ಅದರ ಹಿಂದೆ ಅಂಗಳ, ಅಂಗಳದ ಆಚೆ ಎಕ್ಸ್‌ರೇ, ಆಪರೇಷನ್ ಥಿಯೇಟರು, ಗಾಜಿನ ಬಾಗಿಲು. ನಡುವೆ ಮಾಡು ಹಾಕಿದ ಒಂದು ಹಾದಿ. ಬೆಂಚುಗಳ ಮೇಲೆ ಚೀನೀಯರ ಜೊತೆ ಮಲಯ ಹೆಂಗಸರು, ತೋಟದ ತಮಿಳರು, ನೇಪಾಳದ ಕಾವಲುಗಾರರು. ನೀವು ಯಾರು, ಯಾವ ಜಾತಿ, ನಿಮ್ಮ ಕಾಗದಪತ್ರ ಎಲ್ಲಿ ಎಂದು ನಮ್ಮನ್ನು ಯಾರೂ ಕೇಳಲಿಲ್ಲ. ಮೊದಲು ಕೇಳಿದ್ದು — ಊಟ ಆಗಿದೆಯಾ ಎಂದು.

ಜ್ಯೇಷ್ಠಮಧು, ಶುಂಠಿ, ಒಣಗಿದ ಕಿತ್ತಳೆಸಿಪ್ಪೆ ಕುದಿಯುವ ವಾಸನೆ ಬರುತ್ತಿತ್ತು. ವಿಶ್ವಣ್ಣ ಮೂಗೆಳೆದುಕೊಂಡು ಹೇಳಿದ, "ನಮ್ಮ ಪಂಡಿತರ ಮನೆಯ ಹಾಗೆ ಉಂಟಲ್ಲ ಮಾರಾಯ." ಅವನ ಹೆದರಿಕೆ ಅಲ್ಲಿಗೇ ಇಳಿಯಿತು.

ದಿನಾ ಬೆಳಿಗ್ಗೆ ಆ ಹಾದಿಯಲ್ಲಿ ಇಬ್ಬರು ಒಟ್ಟಿಗೆ ನಡೆದು ಬರುತ್ತಿದ್ದರು. ಒಬ್ಬರು ಶಸ್ತ್ರವೈದ್ಯ ಡಾಕ್ಟರ್ ಲಿಮ್, ವಯಸ್ಸಿನಲ್ಲಿ ನನ್ನಷ್ಟೇ ಇರಬೇಕು. ಇನ್ನೊಬ್ಬರು ಚೀನೀ ವೈದ್ಯದ ಮೇಡಂ ಯಾಪ್ — ತಲೆ ಪೂರ್ತಿ ನರೆತ, ಗಿಡ್ಡ ಹೆಂಗಸು. ಬಟ್ಟೆಯ ಚಪ್ಪಲಿ, ಸದ್ದಿಲ್ಲದ ನಡಿಗೆ. ಇಬ್ಬರಲ್ಲಿ ಯಾರೂ ಇನ್ನೊಬ್ಬರ ಮುಂದೆ ದೊಡ್ಡವರಾಗಲು ನೋಡಿದ್ದನ್ನು ನಾನು ಕಾಣಲಿಲ್ಲ. ಲಿಮ್ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಆಕೆಗೆ ತೋರಿಸುತ್ತಿದ್ದರು. ಆಕೆ ರೋಗಿಯ ಎರಡೂ ಕೈಗಳ ನಾಡಿ ನೋಡಿ, ನಾಲಗೆ ನೋಡಿ, ನಿದ್ದೆ ಹೇಗಿದೆ ಹಸಿವು ಹೇಗಿದೆ ಎಂದು ಕೇಳಿ, ಲಿಮ್‌ಗೆ ಏನೋ ಹೇಳುತ್ತಿದ್ದರು. ಅವರು ತಲೆಯಾಡಿಸಿ ಔಷಧಿ ಬದಲಿಸುತ್ತಿದ್ದರು. ಗಾಯವನ್ನು ಆಕೆಯೇ ಬಾಗಿ ಮೂಸಿ ನೋಡುತ್ತಿದ್ದರು, ಮುಖ ಒಂದಿಷ್ಟೂ ಸಿಂಡರಿಸದೆ. ನಾನು — ವಿಶ್ವಣ್ಣನ ಅನ್ನ ಉಂಡವನು — ಮೂಗಿಗೆ ಕರವಸ್ತ್ರ ಹಿಡಿದು ನಿಂತಿರುತ್ತಿದ್ದೆ.

ಒಂದು ಬೆಳಿಗ್ಗೆ ಇಬ್ಬರೂ ಹಾಸಿಗೆಯ ಹತ್ತಿರ ಎಂದಿಗಿಂತ ಹೆಚ್ಚು ಹೊತ್ತು ನಿಂತರು. ಲಿಮ್ ಮಲಯದಲ್ಲಿ ನನಗೆ ಹೇಳಿದರು: ವಿಷ ಮೇಲೇರುತ್ತಿದೆ, ಮೊಣಕಾಲಿನ ಕೆಳಗೆ ಕತ್ತರಿಸಬೇಕು, ಇವತ್ತೇ ಒಪ್ಪಿದರೆ ಒಳ್ಳೆಯದು, ಕತ್ತರಿಸಿದರೆ ಬದುಕುತ್ತಾನೆ. ನಾನು ಅವನಿಗೆ ಹೇಳಬೇಕು.

ಅದಕ್ಕೆ ಸ್ವಲ್ಪ ಮೊದಲು ವಿಶ್ವಣ್ಣ ಯಾವುದೋ ಮಾತಿಗೆ, "ಕಾಲು ಹೋದರೆ ನಾನು ಊರಿಗೆ ಮುಖ ತೋರಿಸುವುದಿಲ್ಲ" ಎಂದಿದ್ದ. ಎಲ್ಲರೂ ಆಡುವಂಥ ಮಾತು. ಆ ಮಾತನ್ನೇ ನಾನು ವರ್ಷಗಟ್ಟಲೆ ಗುರಾಣಿಯ ಹಾಗೆ ಹಿಡಿದುಕೊಂಡೆ — ಅವನ ಮೇಲಿನ ಕರುಣೆಯಿಂದ ಹೇಳಲಿಲ್ಲ ಎಂದು. ಆದರೆ ಇನ್ನೊಂದೂ ಇತ್ತು. ನನ್ನ ಕತಾರಿನ ವೀಸಾ ಬಂದಿತ್ತು. ದೋಹಾದಲ್ಲಿ ನನ್ನ ಭಾವನ ಪರಿಚಯದ ಕಂಪನಿ. ಆ ತಿಂಗಳೊಳಗೆ ಸೇರಬೇಕು. ಕಾಲು ಕಳೆದುಕೊಂಡವನನ್ನು ಬಿಟ್ಟು ಹೇಗೆ ಹೊರಡುವುದು? ಅವನನ್ನು ನಡೆಸಿ, ಊರಿಗೆ ಮುಟ್ಟಿಸಿ, ಆ ಮನೆಯವರ ಮುಂದೆ ನಿಂತು — ಅಷ್ಟರಲ್ಲಿ ವೀಸಾ ಹೋಗುತ್ತದೆ. ಕತ್ತರಿಸದೆ ವಾಸಿಯಾದರೆ? ಆಗಲೂಬಹುದಲ್ಲ? ಆ ವಾಸನೆ, ಆ ಡ್ರಾಯರುಗಳು, ಆ ನಾಡಿ ನೋಡುವ ಬೆರಳುಗಳು — ಅವುಗಳಿಂದ ಆಗಬಾರದೇಕೆ? ಕರುಣೆ ಮೊದಲು ಬಂತೋ ವೀಸಾ ಮೊದಲು ಬಂತೋ... ಬಿಡಿ. ನನಗೆ ಗೊತ್ತು ಯಾವುದು ಮೊದಲೆಂದು.

"ಏನಂತೆ?" ಎಂದು ಅವನು ಕೇಳಿದ.

"ಮದ್ದಿನಲ್ಲೇ ಗುಣ ಆಗ್ತದಂತೆ. ಸ್ವಲ್ಪ ಸಮಯ ಬೇಕಂತೆ" ಎಂದೆ.

ಲಿಮ್ ಕಡೆ ತಿರುಗಿ, "ಅವನು ಒಪ್ಪುವುದಿಲ್ಲ" ಎಂದೆ.

ಲಿಮ್ ಮತ್ತೆ ವಿವರಿಸಿದರು. ನಾನು ಮತ್ತೆ ಹಾಗೇ ಮಾಡಿದೆ. ಅವರು ತಮಿಳು ಬಲ್ಲ ಒಬ್ಬ ನರ್ಸನ್ನು ಕರೆಸಿದರು. ವಿಶ್ವಣ್ಣನಿಗೆ ತಮಿಳು ತಿಳಿಯಲಿಲ್ಲ, ಆಕೆಯೂ ನನ್ನನ್ನೇ ಕೇಳಿದಳು. ಆಗ ಮೇಡಂ ಯಾಪ್ ಮುಂದೆ ಬಂದರು. ಮಂಚದ ಅಂಚಿನಲ್ಲಿ ಕೂತು ವಿಶ್ವಣ್ಣನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದರು. ನಿಧಾನವಾಗಿ, ಮಕ್ಕಳಿಗೆ ಹೇಳುವ ಹಾಗೆ, ತುಂಬ ಹೊತ್ತು ಮಲಯದಲ್ಲಿ ಅವನೊಂದಿಗೇ ಮಾತನಾಡಿದರು — ನನ್ನ ಕಡೆ ನೋಡಲೇ ಇಲ್ಲ. ಕೊನೆಗೆ ಅಂಗೈಯನ್ನು ನೇರ ಮಾಡಿ ಅವನ ಮೊಣಕಾಲಿನ ಕೆಳಗೆ ಅಡ್ಡಲಾಗಿ ಇಟ್ಟರು.

ವಿಶ್ವಣ್ಣ ನನ್ನ ಮುಖ ನೋಡಿದ. "ಅಕುಲು ದಾದ ಪನ್ಪೆರ್?" ಎಂದು ಕೇಳಿದ. ಅವರು ಏನು ಹೇಳ್ತಾರೆ ಎಂದು.

ನಾನು ಹೇಳಿದೆ, "ಬ್ಯಾಂಡೇಜು ಇನ್ನು ಇಲ್ಲಿವರೆಗೆ ಕಟ್ಟಬೇಕಂತೆ."

ಅವನು ಆಕೆಯನ್ನು ನೋಡಿ ನಕ್ಕ. ಎಷ್ಟು ಒಳ್ಳೆಯವರು, ಇಷ್ಟಕ್ಕೆ ಇಷ್ಟು ಹೊತ್ತು ಕೂತು ಹೇಳಿದರಲ್ಲ ಎಂಬಂಥ ನಗು. ಕೈ ಮುಗಿದ. ಮೇಡಂ ಯಾಪ್ ನನ್ನ ಕಡೆ ತಿರುಗಿದರು. "ನಿಮ್ಮ ಮೇಲೆ ಗೌರವ ಇದೆಯಂತೆ, ಆದರೆ ಕಾಲು ಮಾತ್ರ ಕೊಡುವುದಿಲ್ಲವಂತೆ" ಎಂದೆ. ಆಕೆ ನನ್ನನ್ನು ನೋಡಿದರು. ಬೈಯಲಿಲ್ಲ. ಅವನ ಕೈಯನ್ನು ಮೆತ್ತಗೆ ಹಾಸಿಗೆಯ ಮೇಲೆ ಇಟ್ಟು ಎದ್ದರು.

ಆಮೇಲೆ ಅವರಿಂದ ಆಗುವುದನ್ನೆಲ್ಲ ಮಾಡಿದರು. ಇಂಜೆಕ್ಷನ್ನು, ಕೊಳೆತದ್ದನ್ನು ಕೆರೆದು ತೊಳೆಯುವುದು, ಆಕೆಯ ಕಷಾಯದಿಂದ ಗಾಯಕ್ಕೆ ಸ್ನಾನ. ಆಕೆ ದಿನಕ್ಕೆ ಮತ್ತೆ ಮತ್ತೆ ಬಂದು ಅದೇ ಮಾತನ್ನು ಬೇರೆ ಬೇರೆ ರೀತಿಯಲ್ಲಿ ಹೇಳಿದರು. ನಾನು ಮತ್ತೆ ಮತ್ತೆ ತಡೆದೆ. ಒಂದು ಮಧ್ಯಾಹ್ನ ವಿಶ್ವಣ್ಣನಿಗೆ ಜ್ವರ ಏರಿ ಪ್ರಜ್ಞೆ ತಪ್ಪಿತು. ಆಗ ಲಿಮ್ ನನ್ನನ್ನು ಕೇಳಿದರು, ನಾನು ಹೂಂ ಎಂದೆ. ಕತ್ತರಿಸಿದರು. ತಡವಾಗಿತ್ತು. ಅವನು ಮತ್ತೆ ಕಣ್ಣು ಬಿಡಲಿಲ್ಲ.

ಅಲ್ಲಿಗೂ ಆ ಆಸ್ಪತ್ರೆ ಕೈಬಿಡಲಿಲ್ಲ. ನಿಮ್ಮಲ್ಲಿ ಸತ್ತವರನ್ನು ಹೇಗೆ ಕಳಿಸಿಕೊಡುತ್ತೀರಿ ಎಂದು ನನ್ನನ್ನು ಕೇಳಿ, ತಮಿಳರ ದೇವಸ್ಥಾನದಿಂದ ಪುರೋಹಿತರನ್ನು ಕರೆಸಿದರು. ಹಳೆಯ ಕಾಲದಿಂದಲೂ ಅವರಲ್ಲಿ ಹಾಗೆಯಂತೆ — ಯಾರೂ ಇಲ್ಲದವನಿಗೆ ಆಸ್ಪತ್ರೆಯೇ ಮನೆಯವರು. ಚಿತೆಯ ಹತ್ತಿರ ಮೇಡಂ ಯಾಪ್ ಬಿಸಿಲಿನಲ್ಲಿ ಕೊನೆಯವರೆಗೂ ನಿಂತಿದ್ದರು.

ನಾನು ಬೂದಿ ಹಿಡಿದುಕೊಂಡು ಊರಿಗೆ ಹೋದೆ. ಸುಮತಿ ಅಕ್ಕ ಜಗಲಿಯಲ್ಲಿ ಕೂತಿದ್ದರು. ನಿಜ ಹೇಳಬೇಕೆಂದೇ ಹೋಗಿದ್ದೆನೋ ಇಲ್ಲವೋ — ಇಂದಿಗೂ ನೆನಪಾಗುವುದಿಲ್ಲ. ಏಕೆಂದರೆ ನಾನು ಬಾಯಿ ತೆರೆಯುವ ಮೊದಲೇ ವಿಶ್ವಣ್ಣನ ಅಣ್ಣ ಕೇಳಿದರು, "ಆ ಚೀನಿಯವರು ಬೇರು ನಾರು ಕೊಟ್ಟು ತಡ ಮಾಡಿದ್ದಲ್ವಾ? ಕಾಲು ಮೊದಲೇ ತೆಗೆದಿದ್ದರೆ ಉಳೀತಿದ್ದ ಅಲ್ವಾ?"

"ಹೌದು" ಎಂದೆ.

ಒಂದೇ ಶಬ್ದ. ಬೇರೆ ಏನೂ ಹೇಳಬೇಕಾಗಿಯೇ ಬರಲಿಲ್ಲ. ಮುಂದಿನ ವಾರ ವಿಮಾನ ಹತ್ತಿ ದೋಹಾಕ್ಕೆ ಬಂದೆ.

ಆ ಒಂದು ಹೌದು ಆ ಮನೆಯಲ್ಲಿ ಬೆಳೆಯಿತು. ಪ್ರತಿಮಾ ಅದನ್ನು ಕೇಳುತ್ತಲೇ ದೊಡ್ಡವಳಾದಳು. ನರ್ಸಿಂಗ್ ಓದಿದಳು. ಇಲ್ಲಿಗೆ ಬರಲು ನಾನೇ ಸಹಾಯ ಮಾಡಿದೆ. ಅವಳ ಮದುವೆಯಲ್ಲಿ ಸೋದರಮಾವನ ಜಾಗದಲ್ಲಿ ನಿಲ್ಲಿಸಿದ್ದೂ ನನ್ನನ್ನೇ. ಈಗ ಅಲ್ ಸದ್ದ್‌ನ ಫ್ಲ್ಯಾಟೊಂದರಲ್ಲಿ ಗಂಡ ದಿನೇಶ, ಪುಟ್ಟ ಮಗುವಿನ ಜೊತೆ ಇದ್ದಾಳೆ. ಸಕ್ಕರೆ ಕಾಯಿಲೆಯವರ ಕಾಲಿನ ಗಾಯ ನೋಡುವ ಕ್ಲಿನಿಕ್ಕಿನಲ್ಲಿ ಕೆಲಸ. ತುಂಬ ಒಳ್ಳೆಯ ನರ್ಸ್. ಹೆದರಿ ಕೂತ ರೋಗಿಗಳಿಗೆ ಅವಳು ಹೇಳುತ್ತಿದ್ದಳಂತೆ, "ನನ್ನ ಅಪ್ಪ ಎಲೆ-ಬೇರು ನಂಬಿದವರ ಕೈಗೆ ಸಿಕ್ಕಿ ಹೋದರು. ನೀವು ಡಾಕ್ಟರ ಮಾತು ಕೇಳಿ." ಎಷ್ಟೋ ಜನ ಕೇಳಿ ಬದುಕಿದ್ದಾರೆ. ನನ್ನ ಸುಳ್ಳಿನಿಂದಲೂ ಒಳ್ಳೆಯದಾಯಿತಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದ್ದೇನೆ. ಅದು ಸಮಾಧಾನವಲ್ಲ, ಇನ್ನೊಂದು ಕಳ್ಳತನ.

ಕಳೆದ ಚಳಿಗಾಲದಲ್ಲಿ ಅವಳ ಕ್ಲಿನಿಕ್ಕಿಗೆ ಮೇ ಲಿಂಗ್ ಎಂಬ ನರ್ಸ್ ಬಂದಳು. ಮಲೇಷ್ಯಾದವಳು, ಅದೇ ಪಟ್ಟಣದವಳು, ಕಲಿತದ್ದು ಅದೇ ಆಸ್ಪತ್ರೆಯಲ್ಲಿ. ಪ್ರತಿಮಾ ಅವಳೊಂದಿಗೆ ಊಟದ ಮೇಜು ಹಂಚಿಕೊಳ್ಳಲಿಲ್ಲ. ಒಂದು ದಿನ ಎಲ್ಲರ ಮುಂದೆ, "ನಿಮ್ಮ ಆಸ್ಪತ್ರೆ ನನ್ನ ಅಪ್ಪನನ್ನು ಕೊಂದಿತು" ಎಂದುಬಿಟ್ಟಳು. ಮೇ ಲಿಂಗ್ ಜಗಳ ಮಾಡಲಿಲ್ಲ. ಆಗ ಅಲ್ಲಿದ್ದವರು ಯಾರಾದರೂ ಇದ್ದರೆ ಅವರ ಬಾಯಿಂದಲೇ ಕೇಳಬೇಕು ಎಂದಳಂತೆ.

"ಮಾವ, ನೀವು ಬಂದು ಹೇಳಿ. ನೀವೇ ಅಲ್ವಾ ಅಲ್ಲಿ ಇದ್ದದ್ದು" ಎಂದು ಪ್ರತಿಮಾ ನನಗೆ ಫೋನು ಮಾಡಿದಳು.

ದೋಹಾದ ಹಳೆಯ ಪೇಟೆ ಸೂಕ್ ವಾಕಿಫ್‌ನ ಒಂದು ಚಹಾದಂಗಡಿಯಲ್ಲಿ ಸಂಜೆ ಮೂವರೂ ಕೂತೆವು. ನಾನು ಹಳೆಯ ಕಥೆಯನ್ನೇ ಹೇಳಲು ತಯಾರಾಗಿ ಹೋಗಿದ್ದೆ. ಆದರೆ ಮೇ ಲಿಂಗ್ ಮೊದಲು ತನ್ನ ಫೋನು ತೆಗೆದು ಒಂದು ಚಿತ್ರ ತೋರಿಸಿದಳು. ಹಳೆಯ ಕಟ್ಟಡದ ಗೋಡೆಯಲ್ಲಿ ತೂಗುಹಾಕಿದ ಒಂದು ಫೋಟೋ — ನರೆತ ತಲೆ, ಚೂಪು ಗಲ್ಲ. ಮೇಡಂ ಯಾಪ್.

"ಇವರು ನಮಗೆ ಪಾಠ ಹೇಳುತ್ತಿದ್ದರು" ಎಂದಳು ಅವಳು, ಇಂಗ್ಲಿಷಿನಲ್ಲಿ. "ತೀರಿಕೊಳ್ಳುವವರೆಗೂ. ಪ್ರತಿ ವರ್ಷ ಹೊಸ ನರ್ಸುಗಳಿಗೆ ಒಂದು ಕಥೆ ಹೇಳುತ್ತಿದ್ದರು. ನಕ್ಕು ಬೇಡವೆಂದ ಮನುಷ್ಯನ ಕಥೆ. ಇಂಡಿಯಾದ ಅಡುಗೆಯವನು. ಕಾಲು ತೆಗೆದರೆ ಬದುಕುತ್ತೀಯ ಎಂದು ಇವರು ಕೈ ಹಿಡಿದು ಹೇಳಿದರೂ ಅವನು ನಕ್ಕು, ಕೈ ಮುಗಿದು, ಬೇಡ ಎಂದನಂತೆ. ಸಾಯಲು ಒಪ್ಪಿದವನು ಹಾಗೆ ನಗುವುದಿಲ್ಲ, ಅವನಿಗೆ ನನ್ನ ಮಾತು ತಲುಪಿರಲಿಲ್ಲ, ಅವನ ಭಾಷೆ ಬಲ್ಲ ಇನ್ನೊಬ್ಬರನ್ನು ನಾನು ಹುಡುಕಬೇಕಿತ್ತು, ಅದು ನನ್ನ ತಪ್ಪು — ಎಂದು ಹೇಳುತ್ತಿದ್ದರು. ಅದಾದ ಮೇಲೆ ನಮ್ಮಲ್ಲಿ ಒಂದು ಕ್ರಮ ಬಂತು. ಇಂಥ ದೊಡ್ಡ ಮಾತಿಗೆ ಒಬ್ಬನ ಅನುವಾದ ಸಾಲದು, ಇಬ್ಬರು ಬೇಕು."

ಆ ಹೆಂಗಸು ನನ್ನ ಪಾಪವನ್ನು ತನ್ನದೆಂದು ಹೊತ್ತುಕೊಂಡು, ಅದನ್ನೇ ಪಾಠ ಮಾಡಿ, ನೂರಾರು ಹುಡುಗಿಯರ ಕೈಗೆ ಕೊಟ್ಟು ಹೋಗಿದ್ದರು. ಅನುವಾದ ಮಾಡಿದ ಆ ಗೆಳೆಯ ಸುಳ್ಳು ಹೇಳಿದ ಎಂದು ಒಮ್ಮೆಯೂ ಹೇಳಲಿಲ್ಲವೇ? ಅವರಿಗೆ ಅನುಮಾನ ಬಂದಿರಲಿಲ್ಲವೇ? ಅಂದು ನನ್ನನ್ನು ಹಾಗೆ ನೋಡಿದವರಿಗೆ —

ಪ್ರತಿಮಾಳ ಮುಖ ಬಿಳುಚಿಕೊಂಡಿತ್ತು. ನನ್ನ ಕಡೆ ತಿರುಗಿದಳು. "ಮಾವ, ಅಪ್ಪನೇ ಬೇಡ ಅಂದ್ರಾ?"

ನಿಜ ಹೇಳಬೇಕಾದ ಹೊತ್ತು ಅದೇ. ಮತ್ತೆ ಸಿಗದ ಹೊತ್ತು. ಮತ್ತು ನಾನು ಹೇಳಿದೆ, "ಹೌದು ಮಗಾ. ಅಪ್ಪನೇ ಒಪ್ಪಲಿಲ್ಲ. ನಿಮಗೆ ಬೇಜಾರಾಗ್ತದೆ ಅಂತ ನಾನು ಇಷ್ಟು ವರ್ಷ ಹೇಳಲಿಲ್ಲ."

ಮೊದಲ ಸುಳ್ಳಿಗಿಂತ ಇದು ಕೆಟ್ಟದ್ದು. ಮೊದಲನೆಯದು ಹೇಳಿದಾಗ ವೀಸಾ ಹೋಗುವ ಹೆದರಿಕೆ ಎದುರಿಗಿತ್ತು. ಇದನ್ನು ಹೇಳಿದಾಗ ಎದುರಿಗೆ ಇದ್ದದ್ದು ಕರಕ್ ಚಹಾ. ತಪ್ಪನ್ನೆಲ್ಲ ಸತ್ತವನ ಮೇಲೆ ಹಾಕಿ ಎದ್ದು ಬಂದೆ.

ಸುಮತಿ ಅಕ್ಕ ಆಗ ಮೊಮ್ಮಗುವನ್ನು ನೋಡಿಕೊಳ್ಳಲು ವಿಸಿಟ್ ವೀಸಾದಲ್ಲಿ ಇಲ್ಲೇ ಬಂದಿದ್ದರು. ಪ್ರತಿಮಾ ಮನೆಗೆ ಹೋಗಿ ಅವರಿಗೆ ಹೇಳಿದ್ದಾಳೆ. ಕೆಲವು ದಿನ ಕಳೆದು ದಿನೇಶ ಫೋನು ಮಾಡಿದ.

"ಮಾವ, ಅತ್ತೆ ಸರಿಯಾಗಿ ಊಟ ಮಾಡ್ತಿಲ್ಲ. ಖಲಾಸ್, ಎಷ್ಟೋ ವರ್ಷ ಹಿಂದಿನದ್ದು, ಬಿಡಿ ಅಂತ ನಾನು ಹೇಳಿದೆ. ಒಂದೇ ಮಾತು ಹೇಳ್ತಾ ಇದ್ದಾರೆ — ನಮ್ಮನ್ನು ಬಿಟ್ಟು ಹೋಗ್ಲಿಕ್ಕೆ ಅವರಿಗೆ ಅಷ್ಟು ಸುಲಭ ಆಯ್ತಾ ಅಂತ. ನೀವು ಬಂದು ಸ್ವಲ್ಪ ಮಾತಾಡಿ ಹೋಗಿ."

ಗಂಡನನ್ನು ಕೊಂದರು ಎಂದುಕೊಂಡವರ ಮೇಲೆ ಎಷ್ಟೋ ವರ್ಷ ಸಿಟ್ಟು ಇಟ್ಟುಕೊಂಡಾದರೂ ಆ ಹೆಂಗಸು ಬದುಕಿದ್ದರು. ಈಗ ಗಂಡನ ಪ್ರೀತಿಯನ್ನೇ ನಾನು ಕಿತ್ತುಕೊಂಡಿದ್ದೆ.

ಶುಕ್ರವಾರ ಬೆಳಿಗ್ಗೆ ಹೋದೆ. ಉಮ್ಮ್ ಸಲಾಲಿನಿಂದ ಅಲ್ ಸದ್ದ್‌ವರೆಗೆ ರಸ್ತೆ ಖಾಲಿ ಇತ್ತು. ಇನ್ನಷ್ಟು ಟ್ರಾಫಿಕ್ ಇರಬಾರದೇ ಎನ್ನಿಸಿತು. ದಿನೇಶ ಮಗುವನ್ನು ಎತ್ತಿಕೊಂಡು ಕೆಳಗೆ ಹೋದ. ಸುಮತಿ ಅಕ್ಕ ಸೋಫಾದ ತುದಿಯಲ್ಲಿ ಕೂತಿದ್ದರು. ಪ್ರತಿಮಾ ಬಾಗಿಲಿಗೆ ಒರಗಿ ನಿಂತಿದ್ದಳು. ನಾನು ಕೂರಲಿಲ್ಲ. ತುಳುವಿನಲ್ಲಿ ಎಲ್ಲವನ್ನೂ ಹೇಳಿದೆ — ಲಿಮ್ ಹೇಳಿದ್ದು, ನಾನು ಹೇಳಿದ್ದು, ಬ್ಯಾಂಡೇಜು ಎಂದದ್ದು, ವೀಸಾ. ವೀಸಾವನ್ನು ಕೊನೆಗೆ ಹೇಳಬೇಕೆಂದಿದ್ದೆ. ಆದರೆ ಅದನ್ನೇ ಮೊದಲು ಹೇಳಿದೆ.

ಯಾರೂ ಅಳಲಿಲ್ಲ. ಪ್ರತಿಮಾ ಅಡುಗೆಮನೆಗೆ ಹೋಗಿ, ನಲ್ಲಿ ಬಿಟ್ಟು, ನಿಲ್ಲಿಸಿ, ಬರಿಗೈಯಲ್ಲಿ ವಾಪಸ್ ಬಂದಳು.

"ಆ ಯಾಪ್ ಮೇಡಂ ಅಪ್ಪನ ಕೈ ಹಿಡಿದು ಅಷ್ಟು ಹೊತ್ತು ಹೇಳಿದ್ದು ಎಂತ?" ಎಂದು ಕೇಳಿದಳು. "ಅದನ್ನು ಹೇಳಿ. ಈಗ ಅಮ್ಮನಿಗೆ ಹೇಳಿ. ಒಂದೂ ಬಿಡ್ಬೇಡಿ."

ಆ ಮಾತು ನನ್ನೊಳಗೆ ಹಾಗೇ ಇತ್ತು. ಒಂದು ಶಬ್ದವೂ ಮಾಸಿರಲಿಲ್ಲ. ಇಷ್ಟು ವರ್ಷ ಯಾವ ಭಾಷೆಗೂ ಹೋಗದೆ ಮಲಯದಲ್ಲೇ ಉಳಿದುಕೊಂಡಿತ್ತು. ಅದನ್ನು ಸುಮತಿ ಅಕ್ಕನಿಗೆ ತುಳುವಿನಲ್ಲಿ ಹೇಳಿದೆ:

"ನಿನ್ನನ್ನು ಬದುಕಿಸಲಿಕ್ಕೆ ನನ್ನ ಮದ್ದಿನಿಂದ ಆಗುವುದಿಲ್ಲ. ಲಿಮ್‌ನ ಕತ್ತಿಯಿಂದ ಆಗ್ತದೆ. ಇದನ್ನು ನಾನೇ ಹೇಳ್ತಿದ್ದೇನೆ, ನನ್ನ ಅಪ್ಪ ಅಜ್ಜ ಎಲ್ಲ ಈ ಮದ್ದನ್ನೇ ಕೊಟ್ಟವರು. ಮೊದಲು ನೀನು ಬದುಕು. ಆಮೇಲೆ ನನ್ನ ಹತ್ತಿರ ಬಾ. ರಕ್ತ ಆಗಲಿಕ್ಕೆ, ಹಸಿವು ಆಗಲಿಕ್ಕೆ, ನಿದ್ದೆ ಬರಲಿಕ್ಕೆ ನನ್ನ ಹತ್ತಿರ ಎಲ್ಲ ಉಂಟು. ನಿನ್ನ ಮಗಳು ಓಡಿ ಬಂದರೆ ಎತ್ತಿಕೊಳ್ಳುವಷ್ಟು ನಿನ್ನನ್ನು ಗಟ್ಟಿ ಮಾಡಿ ಕಳಿಸ್ತೇನೆ. ಕಾಲು ಇಲ್ಲಿವರೆಗೆ ಮಾತ್ರ ಹೋಗ್ತದೆ. ಉಳಿದದ್ದೆಲ್ಲ ನೀನೇ."

ಸುಮತಿ ಅಕ್ಕ ಕೇಳಿದರು, "ಇದನ್ನು ಹೇಳಿದ್ರೆ ಅವರು ಒಪ್ಪುತ್ತಿದ್ರಾ?"

"ಗೊತ್ತಿಲ್ಲ ಅಕ್ಕ. ನಾನು ಕೇಳಲೇ ಇಲ್ಲ."

"ನನಗೆ ಗೊತ್ತುಂಟು" ಎಂದರು. "ಒಂದು ಸ್ಟೂಲು ಸಾಕಿತ್ತು. ಕೂತುಕೊಂಡು ದೋಸೆ ಹೊಯ್ತಿದ್ರು."

ಅವರು ಮಗಳ ಫೋನಿನಲ್ಲಿ ಮೇಡಂ ಯಾಪ್‌ರ ಚಿತ್ರ ನೋಡಬೇಕೆಂದರು. ಪ್ರತಿಮಾ ಮೇ ಲಿಂಗ್‌ಗೆ ಮೆಸೇಜು ಮಾಡಿ ತರಿಸಿದಳು — ಅವಳಿಗೆ ಬರೆದದ್ದರಲ್ಲಿ ಕ್ಷಮೆಯೂ ಇತ್ತೆಂದು ನನಗೆ ಆಮೇಲೆ ತಿಳಿಯಿತು. ಸುಮತಿ ಅಕ್ಕ ಆ ಚಿತ್ರವನ್ನು ಹತ್ತಿರ ಹಿಡಿದು ನೋಡಿದರು. ತಾವು ಎಷ್ಟೋ ವರ್ಷ ಶಾಪ ಹಾಕಿದವರ ಮುಖ ಅದು.

"ಇವರು ಅವರ ಚಿತೆಯ ಹತ್ತಿರ ನಿಂತಿದ್ರಾ?"

"ಕೊನೆವರೆಗೂ."

ಅವರು ಫೋನನ್ನು ಕಣ್ಣಿಗೊತ್ತಿಕೊಂಡರು.

ಹೊರಡುವಾಗ ಅವರು ನನ್ನನ್ನು ನೋಡದೆ ಹೇಳಿದರು, "ನನಗೆ ಆ ಆಸ್ಪತ್ರೆ ನೋಡಬೇಕು. ನೀನೂ ಬರ್ಬೇಕು. ನನಗೆ ಮಾತು ಹೇಳಲಿಕ್ಕೆ ಅಲ್ಲ, ಅದಕ್ಕೆ ಪ್ರತಿಮಾ, ಆ ಮೇ ಲಿಂಗ್ ಇದ್ದಾರೆ. ನೀನು ಮಾಡಿದ್ದನ್ನು ಅವರಿಗೆ ಹೇಳಲಿಕ್ಕೆ ಬಾ."

ಇದಾಗಿ ಎರಡು ಮೂರು ತಿಂಗಳಾಯಿತು. ಪ್ರತಿಮಾ ಈಗ ಮೇ ಲಿಂಗ್‌ಳ ಜೊತೆ ಊಟ ಮಾಡುತ್ತಾಳಂತೆ. ರೋಗಿಗಳಿಗೆ ಹಳೆಯ ಕಥೆ ಹೇಳುವುದನ್ನು ಬಿಟ್ಟಿದ್ದಾಳೆ; ಏನು ಹೇಳುತ್ತಾಳೋ ನನಗೆ ಗೊತ್ತಿಲ್ಲ, ಕೇಳುವ ಹಕ್ಕೂ ಇಲ್ಲ. ಫೋನು ಮಾಡಿದರೆ ಎತ್ತುತ್ತಾಳೆ, ಬೇಕಾದಷ್ಟು ಮಾತನಾಡುತ್ತಾಳೆ. ಮಾವ ಎನ್ನುವುದಿಲ್ಲ. ಕ್ಲಿನಿಕ್ಕಿಗೆ ಜೊತೆಗೆ ಬಾ ಎಂದು ನಮ್ಮವರು ಕರೆದರೆ ಈಗ ನಾನು, ಇನ್ನೊಬ್ಬರನ್ನೂ ಕರೆದುಕೊಂಡು ಬನ್ನಿ, ನಾನು ಒಬ್ಬನೇ ಆಗುವುದಿಲ್ಲ ಎನ್ನುತ್ತೇನೆ. ಅವರು ಇದನ್ನು ನನ್ನ ವಿನಯ ಎಂದುಕೊಳ್ಳುತ್ತಾರೆ. ಅಲ್ಲ ಎಂದು ಒಬ್ಬೊಬ್ಬರಿಗೇ ಹೇಳುತ್ತಿದ್ದೇನೆ.

ಅಂಗಡಿಯಲ್ಲಿ ರಜೆ ಕೇಳಿದ್ದೇನೆ, ಸಿಕ್ಕಿದೆ. ಮುಂದಿನ ತಿಂಗಳು ಹೊರಡುತ್ತೇವೆ — ಸುಮತಿ ಅಕ್ಕ, ಪ್ರತಿಮಾ, ರಜೆಗೆ ಊರಿಗೆ ಹೋಗುವ ಮೇ ಲಿಂಗ್, ಮತ್ತು ಸ್ವಲ್ಪ ಹಿಂದಿನ ಸೀಟಿನಲ್ಲಿ ನಾನು. ಮೇಡಂ ಯಾಪ್ ಇಲ್ಲ. ಲಿಮ್ ಇದ್ದಾರೆಯೋ ಗೊತ್ತಿಲ್ಲ. ಯಾರಿದ್ದರೆ ಅವರಿಗೆ, ಹೊಸ ನರ್ಸುಗಳಿಗಾದರೂ ಸರಿ, ಹೇಳಬೇಕಾದದ್ದನ್ನು ಮಲಯದಲ್ಲಿ ಮನಸ್ಸಿನಲ್ಲೇ ಹೇಳಿಕೊಂಡು ನೋಡುತ್ತಿದ್ದೇನೆ. ದೊಡ್ಡ ಮಾತೇನಲ್ಲ. ನಿಮ್ಮ ಮೇಡಂ ತಪ್ಪು ಮಾಡಲಿಲ್ಲ. ಆ ಮನುಷ್ಯ ಬೇಡ ಎನ್ನಲೂ ಇಲ್ಲ. ಅವನನ್ನು ನಾನು ಕೇಳಲಿಲ್ಲ.